ಬನ್ನಿಯಿಂದ ದೀಪಾವಳಿಗೆ ಒಂದು ಕೌದಿ

ಬನ್ನಿ ಕೊಟ್ಟು ‘ಬಂಗಾರದ ಹಾಗೆ ಇರೋಣ’ ಎಂದು ಊರೆಲ್ಲ ಹೇಳಿಕೊಂಡ ಮರುದಿನ ನಮ್ಮ ಪಡಸಾಲೆಯಲ್ಲಿ ಕೌದಿಗೆ, ಅಂದರೆ ಹಳೆಯ ಬಟ್ಟೆಯ ಪದರುಗಳನ್ನು ಕೂಡಿಸಿ ಹೊಲಿಯುವ ಹೊದಿಕೆಗೆ, ಬಟ್ಟೆ ಹಾಸುತ್ತೇವೆ. ವಿಜಯದಶಮಿಯಿಂದ ನರಕ ಚತುರ್ದಶಿಗೆ 18ರಿಂದ 20 ದಿನ ಸಿಗುತ್ತವೆ. ಅಷ್ಟರಲ್ಲಿ ಒಂದು ಕೌದಿ ಮುಗಿಯಬೇಕು ಎನ್ನುವುದು ನನ್ನ ಅವ್ವ ಹಾಕಿಕೊಟ್ಟ ಲೆಕ್ಕ. ಅದಕ್ಕೂ ಮೊದಲು ಕುಳಿತರೆ ಮಳೆಗಾಲದ ತಂಪಿಗೆ ಬಟ್ಟೆ ಸರಿಯಾಗಿ ಒಣಗಿರುವುದಿಲ್ಲ. ದೀಪಾವಳಿ ಕಳೆದರೆ ಹತ್ತಿ ಬಿಡಿಸುವುದು, ಭತ್ತ ಕೊಯ್ಯುವುದು ಬಂದು ಹೆಂಗಸರ ಕೈ ಹೊಲಕ್ಕೆ ಹೋಗುತ್ತದೆ. ಈ ನಡುವಿನ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟ ಮೇಲೆ ಎರಡು ತಾಸು ನಮ್ಮವು.

ನಮ್ಮದು ಧಾರವಾಡ ಜಿಲ್ಲೆಯ ಕಲಘಟಗಿ ಕಡೆಯ ಹಳ್ಳಿ. ಹಂಚಿನ ಮನೆ, ಮುಂದೆ ಅಂಗಳ, ಹಿಂದೆ ಹಿತ್ತಲು, ಪಕ್ಕದಲ್ಲಿ ದನದ ಕೊಟ್ಟಿಗೆ. ಡಿಸೆಂಬರಿನ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹಂಚಿನ ಸಂದಿಯಿಂದ ಥಂಡಿ ನೇರವಾಗಿ ಮೈಮೇಲೆ ಬೀಳುತ್ತದೆ. ಅಂಗಡಿಯಿಂದ ತಂದ ರಗ್ಗುಗಳೂ ಮನೆಯಲ್ಲಿವೆ. ಆದರೆ ಚಳಿ ಹತ್ತಿದಾಗ ಮನೆಯವರೆಲ್ಲ ಹುಡುಕುವುದು ಕೌದಿಯನ್ನೇ. ನಾನು ಹೊಲಿಯುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿಗೊಂದು ರೀತಿ ಇದೆ, ಮನೆಗೊಂದು ಕೈ ಇದೆ. ನಿಮ್ಮ ಮನೆಯ ಹಿರಿಯರು ಬೇರೆಯಾಗಿ ಹೇಳಿಕೊಟ್ಟಿದ್ದರೆ ಅವರ ಮಾತೇ ಸರಿ.

ಬಟ್ಟೆ ಆರಿಸುವುದು

ಕೌದಿಯ ಕೆಲಸ ಸೂಜಿ ಹಿಡಿದಾಗ ಶುರುವಾಗುವುದಲ್ಲ, ಘಟ ಹಾಕುವ ಮೊದಲೇ ಶುರುವಾಗುತ್ತದೆ. ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ, ಹೊದಿಕೆ ಎಲ್ಲವನ್ನೂ ಒಗೆಯುವುದು ನಮ್ಮ ಕಡೆಯ ಪದ್ಧತಿ. ನಾನು ಸಣ್ಣವಳಿದ್ದಾಗ ಚಕ್ಕಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಿದ್ದೆವು. ಇಡೀ ಊರಿನ ಕೌದಿಗಳು ಹಳ್ಳದ ದಂಡೆಯ ಬಂಡೆಗಳ ಮೇಲೆ ಒಣಗುತ್ತಿದ್ದವು, ಯಾರ ಮನೆಯ ಕೌದಿ ಯಾವುದು ಎಂದು ದೂರದಿಂದಲೇ ಹೇಳಬಹುದಿತ್ತು. ಈಗ ಬೋರಿನ ನೀರಿನಲ್ಲಿ ಹಿತ್ತಲಲ್ಲೇ ಒಗೆಯುತ್ತೇವೆ. ಒಗೆದ ಬಟ್ಟೆಯನ್ನು ಗಳದ ಮೇಲೆ ಹರವಿದಾಗ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ. ಬೆಳಕು ಹಾದುಬರುವಷ್ಟು ಸವೆದಿದ್ದು, ಎಳೆದರೆ ಹರಿಯದಿದ್ದರೆ ಅದು ಕೌದಿಯ ಬಟ್ಟೆ. ಎಳೆದ ಕೂಡಲೇ ಹರಿಯುವುದನ್ನು ಕೈವಸ್ತ್ರಕ್ಕೆ ಬಿಡಿ.

ಹೊಸ ಬಟ್ಟೆಯಿಂದ ಕೌದಿ ಹೊಲಿಯಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಈಗ ಪೇಟೆಯಲ್ಲಿ ಹೊಸ ಬಟ್ಟೆಯ ತುಂಡುಗಳಿಂದ ಅಚ್ಚುಕಟ್ಟಾಗಿ ಮಾಡಿದ ಕೌದಿಗಳು ಸಿಗುತ್ತವೆ. ನೋಡಲು ಚೆಂದ, ಗೋಡೆಗೂ ಒಪ್ಪುತ್ತವೆ. ಹೊದ್ದರೆ ಮಾತ್ರ ಮೈಗೆ ಕೂರುವುದಿಲ್ಲ, ಹಲಗೆಯ ಹಾಗೆ ನಿಲ್ಲುತ್ತವೆ. ಒಂದು ಸೀರೆ ಹತ್ತು ವರ್ಷ ಉಟ್ಟು, ಒಗೆದು, ಬಿಸಿಲಿಗೆ ಬಿದ್ದು ಮೆತ್ತಗಾಗುತ್ತದಲ್ಲ, ಆ ಮೆತ್ತಗನ್ನು ಯಾವ ಅಂಗಡಿಯವರೂ ಅಳೆದು ಕೊಡಲಾರರು. ಕೌದಿ ಬೆಚ್ಚಗಿರುವುದು ಪದರುಗಳ ನಡುವೆ ನಿಲ್ಲುವ ಗಾಳಿಯಿಂದ. ಮೈಯ ತಿರುವಿನ ಜೊತೆ ಬಟ್ಟೆ ಬಾಗಿದರೆ ಆ ಗಾಳಿ ಮೈಹತ್ತಿರ ಉಳಿಯುತ್ತದೆ, ಸೆಟೆದು ನಿಂತರೆ ಸಂದಿಯಿಂದ ಹೊರಗೆ ಹೋಗುತ್ತದೆ.

ಹತ್ತಿ ಬಟ್ಟೆಯೇ ಆಗಬೇಕು. ಅನುಮಾನವಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಗುಂಡಾಗಿ ಕೂರುತ್ತದೆ. ಮದುವೆಯಾದ ಎರಡನೆಯ ವರ್ಷ ನಾನು ಒಂದು ನೈಲಾನ್ ಸೀರೆಯನ್ನು ನಡುವಿನ ಪದರಿಗೆ ಹಾಕಿದ್ದೆ. ಬಣ್ಣ ಹೋಗಿಲ್ಲ, ಹರಿದಿಲ್ಲ, ಸುಮ್ಮನೆ ಏಕೆ ಬಿಡಬೇಕು ಎಂದು. ಆ ಪದರು ಒಳಗೇ ಜಾರಿ, ಮೂರು ತಿಂಗಳಲ್ಲಿ ಕೌದಿ ಒಂದು ಮಗ್ಗುಲಿಗೆ ಗಂಟುಗಟ್ಟಿತು. ಹೊದ್ದವರಿಗೆ ಬೆವರು ಬೇರೆ. ಮರು ವರ್ಷ ಪೂರ್ತಿ ಬಿಚ್ಚಿ ಹೊಲಿದೆ.

ಇನ್ನೆರಡು ಎಚ್ಚರಿಕೆ. ಗಂಜಿ ಹಾಕಿದ ಸೀರೆ, ಧೋತರಗಳನ್ನು ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ, ಗಂಜಿ ಪೂರ್ತಿ ಹೋಗುವ ತನಕ ಜಾಲಿಸಬೇಕು. ಪದರುಗಳ ಒಳಗೆ ಗಂಜಿ ಉಳಿದರೆ ಜಿರಲೆ, ಬೆಳ್ಳಿಹುಳ ಅದನ್ನು ಹುಡುಕಿಕೊಂಡು ಬರುತ್ತವೆ. ಬಣ್ಣ ಬಿಡುವ ಬಟ್ಟೆಯನ್ನು ಗುರುತಿಸಲು ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಗುಳೇದಗುಡ್ಡದ ಖಣದ ಕೆಂಪು ತುಂಡೊಂದನ್ನು ಈ ಪರೀಕ್ಷೆಯಿಲ್ಲದೆ ಹಾಕಿ, ಮೊದಲ ಒಗೆತಕ್ಕೇ ಮಾವನವರ ಬಿಳಿ ಧೋತರದ ತೇಪೆಗಳೆಲ್ಲ ಗುಲಾಬಿಯಾದದ್ದನ್ನು ನಾನು ಮರೆತಿಲ್ಲ.

ಹಳೆಯ ಕೌದಿ ಬಿಚ್ಚುವುದು

ಮನೆಯಲ್ಲಿ ಅಂಚು ಹರಿದ ಹಳೆಯ ಕೌದಿ ಇದ್ದರೆ ಎಸೆಯಬೇಡಿ, ಅದೇ ನಿಮ್ಮ ಒಳಪದರು. ಬಿಚ್ಚುವಾಗ ಕತ್ತರಿಯಿಂದ ಬಟ್ಟೆ ಕತ್ತರಿಸದೆ, ದಾರವನ್ನು ಮಾತ್ರ ಪ್ರತಿ ನಾಲ್ಕು ಹೊಲಿಗೆಗೆ ಒಮ್ಮೆ ಕತ್ತರಿಸಿ ಎಳೆಯಿರಿ.

ಕಳೆದ ವರ್ಷ ಅವ್ವನ ಕೌದಿಯನ್ನು ಹೀಗೆ ಬಿಚ್ಚಿದೆ. ನಾನು ಹುಟ್ಟಿದ ಮೇಲೆ ಹೊಲಿದದ್ದು ಎಂದು ಅವ್ವ ಹೇಳುತ್ತಿದ್ದಳು. ಮೇಲಿನ ತೇಪೆಗಳಲ್ಲಿ ಅವಳ ಹಸಿರು ಇಳಕಲ್ ಸೀರೆಯ ಅಂಚು, ಅಣ್ಣನ ಶಾಲೆಯ ಖಾಕಿ ಚಡ್ಡಿಯ ತುಂಡು ಎರಡನ್ನೂ ಗುರುತಿಸಿದೆ. ಅದರ ಕೆಳಗೆ ಅಪ್ಪನ ಧೋತರ, ಒಂದು ಮೂಲೆಯಲ್ಲಿ ಅರಿಶಿನದ ಕಲೆ. ಅದೂ ತೆಗೆದ ಮೇಲೆ ಇನ್ನೂ ಒಂದು ಪದರು ಇತ್ತು, ಆದರೆ ಅದು ಬರೀ ಬಟ್ಟೆಯಲ್ಲ. ಇನ್ನೊಂದು ಇಡೀ ಕೌದಿ. ತೆಳ್ಳಗೆ, ಬಣ್ಣ ಪೂರ್ತಿ ಹೋಗಿ ಬೂದಿಯ ಹಾಗೆ, ಬಿಳಿ ದಾರದಲ್ಲಿ ಹೊಲಿದದ್ದು. ಅವ್ವನ ಹೊಲಿಗೆ ಉದ್ದ, ನೇರ. ಇದು ಸಣ್ಣ ಹೊಲಿಗೆ, ಪ್ರತಿಯೊಂದೂ ಸ್ವಲ್ಪ ಎಡಕ್ಕೆ ವಾಲಿತ್ತು. ಅಜ್ಜಿ ಎಡಗೈಯಲ್ಲಿ ಹೊಲಿಯುತ್ತಿದ್ದಳು. ನಾನು ಅವಳನ್ನು ನೋಡಿದ ನೆನಪು ಅಷ್ಟಾಗಿ ಇಲ್ಲ, ಆದರೆ ಆ ವಾಲಿದ ಹೊಲಿಗೆಯ ಮೇಲೆ ಬೆರಳು ಆಡಿಸುತ್ತ ತುಂಬ ಹೊತ್ತು ಕುಳಿತೆ. ಆ ಒಳಗಿನ ಕೌದಿಯನ್ನು ನಾನು ಬಿಚ್ಚಲಿಲ್ಲ. ಹಾಗೇ ಎತ್ತಿಟ್ಟು, ಈ ವರ್ಷದ ಹೊಸ ಕೌದಿಯ ನಡುವೆ ಹಾಕಿ ಹೊಲಿದೆ.

ಅಲ್ಲಿಯೇ ಇನ್ನೊಂದು ಸಿಕ್ಕಿತು. ಧೋತರದ ಮಡಿಕೆಯಲ್ಲಿ ತುಕ್ಕು ಹಿಡಿದ ಅರ್ಧ ಸೂಜಿ. ಅಷ್ಟು ವರ್ಷ ಯಾರಿಗೂ ಚುಚ್ಚದೆ ಒಳಗೇ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಕುಳಿತಾಗ ಎಷ್ಟು ಸೂಜಿ ತೆಗೆದೆವೋ ಏಳುವಾಗ ಅಷ್ಟೇ ಎಣಿಸಿ ಡಬ್ಬಿಗೆ ಹಾಕಬೇಕು. ಸೂಜಿ ಮುರಿದರೆ ಎರಡೂ ತುಂಡು ಸಿಗುವವರೆಗೆ ಮುಂದಿನ ಹೊಲಿಗೆ ಹಾಕುವಂತಿಲ್ಲ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಇಟ್ಟುಕೊಂಡಿದ್ದೇನೆ, ದಿನವೂ ಕೊನೆಗೆ ಅದನ್ನು ಕೌದಿಯ ಮೇಲೆ ಒಮ್ಮೆ ಆಡಿಸುತ್ತೇನೆ.

ಅಳತೆ, ಪದರು

ಒಬ್ಬರು ಹೊದೆಯುವ ಕೌದಿಗೆ ಆರೂವರೆ ಅಡಿ ಉದ್ದ, ಐದು ಅಡಿ ಅಗಲ ಸಾಕು. ಅಡಿಯ ಹಾಸು ಅಂದರೆ ಮೈಗೆ ತಾಗುವ ಕೆಳಪದರು, ಅದಕ್ಕೆ ತೇಪೆಯಿಲ್ಲದ ಒಳ್ಳೆಯ ಸೀರೆ ಬೇಕು. 9 ಗಜದ ಸೀರೆ 27 ಅಡಿ ಇರುತ್ತದೆ, ಅದರಲ್ಲಿ ಆರೂಮುಕ್ಕಾಲು ಅಡಿಯ 4 ತುಂಡು ಬರುತ್ತವೆ. ಸೀರೆಯ ಅಗಲ ಸುಮಾರು 4 ಅಡಿ. ಆದ್ದರಿಂದ ಒಂದು ತುಂಡಿನ ಪಕ್ಕಕ್ಕೆ ಇನ್ನೊಂದು ತುಂಡಿನಿಂದ ಒಂದೂವರೆ ಅಡಿಯ ಪಟ್ಟಿ ಸೀಳಿ ಕೂಡಿಸಿ. ಉಳಿದೆರಡು ತುಂಡುಗಳಿಂದ ಇದೇ ರೀತಿ ಒಂದು ಒಳಪದರು ಆಗುತ್ತದೆ. 6 ಗಜದ ಸೀರೆಯಾದರೆ ಎರಡು ತುಂಡು ಬಂದು ನಾಲ್ಕೂವರೆ ಅಡಿ ಉಳಿಯುತ್ತದೆ, ಅದು ತೇಪೆಗೆ. ಹಳೆಯ ಇಳಕಲ್ ಸೀರೆಯಲ್ಲಿ ಮೈ ಹತ್ತಿಯದ್ದಾದರೂ ಸೆರಗು ರೇಷ್ಮೆಯದ್ದು ಇರುತ್ತದೆ. ಸೆರಗನ್ನು ಬೇರೆ ಮಾಡಿಡಿ, ಅದರ ಕೆಲಸ ಕೊನೆಗೆ ಬರುತ್ತದೆ.

ಅಡಿಯ ಹಾಸು ಒಂದು, ಮೇಲಿನ ತೇಪೆಗಳ ಪದರು ಒಂದು, ನಡುವೆ ಮೂರು. ಒಟ್ಟು ಐದು ಪದರು ನಮ್ಮ ಕಡೆಯ ಚಳಿಗೆ ಹಿತ. ಏಳು ಪದರಿಗೆ ಹೋದರೆ ಸೂಜಿ ಹಾಯುವುದಿಲ್ಲ, ಒಗೆದಾಗ ನೀರು ಕುಡಿದು ಇಬ್ಬರು ಹೆಂಗಸರು ಎತ್ತಲಾಗುವುದಿಲ್ಲ. ತೊಟ್ಟಿಲಿಗಾದರೆ ಮೂರೇ ಪದರು, ಎಲ್ಲವೂ ಧೋತರ ಅಥವಾ ತೀರ ಹಳೆಯ ಸೀರೆ.

ಪಡಸಾಲೆ ಗುಡಿಸಿ, ಒರೆಸಿ, ನೆಲ ಒಣಗಿದ ಮೇಲೆ ಅಡಿಯ ಹಾಸನ್ನು ಉಲ್ಟಾ ಹಾಸಿ. ನಾಲ್ಕು ಮೂಲೆಗೆ ಭಾರ ಇಡಿ, ನಾನು ರುಬ್ಬುವ ಗುಂಡು ಮತ್ತು ಮೂರು ಇಟ್ಟಿಗೆ ಇಡುತ್ತೇನೆ. ಒಳಪದರುಗಳನ್ನು ಸುತ್ತಲೂ ಒಂದೂವರೆ ಇಂಚು ಒಳಗೆ ಬಿಟ್ಟು ಹಾಸಬೇಕು. ಆ ಉಳಿದ ಒಂದೂವರೆ ಇಂಚು ಆಮೇಲೆ ಮೇಲಕ್ಕೆ ಮಡಿಚಿ ಬರುತ್ತದೆ, ಅದೇ ಕೌದಿಯ ಅಂಚು. ಒಂದೊಂದು ಪದರು ಹಾಸಿದಾಗಲೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಒಳಗಿನ ಪದರುಗಳಲ್ಲಿ ತುಂಡುಗಳು ಕೂಡುವ ಜಾಗ ಒಂದರ ಮೇಲೊಂದು ಬಾರದಿರಲಿ, ಬಂದರೆ ಅಲ್ಲಿ ಹುರಿ ಎದ್ದು ಮಲಗಿದಾಗ ಚುಚ್ಚುತ್ತದೆ.

ತೇಪೆಗಳನ್ನು ಹೇಗೆ ಜೋಡಿಸಬೇಕು ಎಂದು ನನ್ನನ್ನು ಕೇಳುವವರಿದ್ದಾರೆ. ಗಾಢ ಬಣ್ಣದ ತುಂಡುಗಳನ್ನು ಮೊದಲು ದೂರ ದೂರ ಇಟ್ಟು, ಉಳಿದ ಜಾಗವನ್ನು ತಿಳಿ ಬಣ್ಣದಿಂದ ತುಂಬಿ. ಬಾಗಿಲ ಹೊರಗೆ ನಿಂತು ನೋಡಿ, ಕಣ್ಣಿಗೆ ಒಂದೇ ಕಡೆ ಎಳೆತ ಇರಬಾರದು. ಅಷ್ಟೇ.

ಕಚ್ಚಾ ಹೊಲಿಗೆ

ಇದನ್ನು ಬಿಟ್ಟವರ ಕೌದಿ ನಡುವೆ ಗುಡ್ಡ ಏಳುತ್ತದೆ. ಮೊದಲ ದಿನದ ಎರಡು ತಾಸು ಪೂರ್ತಿ ಇದಕ್ಕೇ ಕೊಡಿ. ಎದ್ದು ಕಾಣುವ ಬಣ್ಣದ ದಾರ ತೆಗೆದುಕೊಂಡು, ನಾಲ್ಕು ಬೆರಳು ಅಗಲದ ದೊಡ್ಡ ಹೊಲಿಗೆಯಲ್ಲಿ ನಟ್ಟನಡುವಿನಿಂದ ನಾಲ್ಕು ಅಂಚಿಗೆ, ಆಮೇಲೆ ನಡುವಿನಿಂದ ನಾಲ್ಕು ಮೂಲೆಗೆ ಹೋಗಿ. ಯಾವಾಗಲೂ ನಡುವಿನಿಂದ ಹೊರಕ್ಕೆ. ಒಳಗೆ ಉಳಿದ ಸುಕ್ಕು ಹೀಗೆ ಅಂಚಿಗೆ ಸರಿಯುತ್ತದೆ. ಅಸಲು ಹೊಲಿಗೆ ಅಂಚಿನಿಂದ ಒಳಕ್ಕೆ ಬರುವುದರಿಂದ, ಕಚ್ಚಾ ಹೊಲಿಗೆ ಇಲ್ಲದಿದ್ದರೆ ಎಲ್ಲ ಸಡಿಲವೂ ನಡುವೆ ಸೇರಿಕೊಳ್ಳುತ್ತದೆ. ಇದಾದ ಮೇಲೆ ಕೌದಿಯನ್ನು ಮಡಿಚಿ ಎತ್ತಿಡಬಹುದು, ಮಕ್ಕಳು ತುಳಿದರೂ ಪದರು ಜಾರುವುದಿಲ್ಲ.

ಹೊಲಿಗೆ

ದಪ್ಪ ಹತ್ತಿ ದಾರ ತನ್ನಿ. ಹೊಲಿಗೆ ಯಂತ್ರದ ಸಣ್ಣ ದಾರ ಐದು ಪದರಿಗೆ ತಡೆಯುವುದಿಲ್ಲ, ನೈಲಾನ್ ದಾರ ತಡೆಯುತ್ತದೆ ಆದರೆ ಹಳೆಯ ಬಟ್ಟೆಯನ್ನೇ ಕೊಯ್ಯುತ್ತದೆ. ನಾನು ಹೇಳಿದ ಅಳತೆಗೆ, ಸಾಲಿಗೂ ಸಾಲಿಗೂ ಮುಕ್ಕಾಲು ಇಂಚು ಬಿಟ್ಟರೆ, ಹೊಲಿಗೆಯ ಉದ್ದವೇ ಸುಮಾರು 160 ಮೀಟರ್ ಆಗುತ್ತದೆ. ಪದರಿನೊಳಗೆ ಇಳಿದು ಏಳುವುದಕ್ಕೂ ಗಂಟಿಗೂ ಸೇರಿ 200 ಮೀಟರ್ ದಾರ ಹಿಡಿಯಿರಿ. ಅರ್ಧಕ್ಕೆ ಮುಗಿದು ಬೇರೆ ದಾರ ತಂದರೆ ಬಿಳುಪಿನಲ್ಲೂ ವ್ಯತ್ಯಾಸ ಕಾಣುತ್ತದೆ, ಒಟ್ಟಿಗೆ ತನ್ನಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ಎರಡು ಇಂಚಿನಷ್ಟು ಉದ್ದದ, ಕಣ್ಣು ದೊಡ್ಡದಿರುವ ಸೂಜಿ ಸಾಕು. ದಾರ ಎರಡು ಮೊಳಕ್ಕಿಂತ ಉದ್ದ ಬೇಡ. ಪೋಣಿಸಿದ ಮೇಲೆ ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದರೆ ಸಿಕ್ಕು ಬೀಳುವುದಿಲ್ಲ. ನಡುಬೆರಳಿಗೆ ಸಿಂಪಿಗರು ಹಾಕಿಕೊಳ್ಳುವ ಅಂಗುಸ್ತಾನ ಹಾಕಿಕೊಳ್ಳಿ. ಅದಿಲ್ಲದೆ ಮೂರನೆಯ ದಿನಕ್ಕೆ ಬೆರಳು ತೂತಾಗುತ್ತದೆ.

ಮೊದಲು ಅಂಚು. ಹೊರಗೆ ಉಳಿದ ಒಂದೂವರೆ ಇಂಚನ್ನು ಅರ್ಧಕ್ಕೆ ಒಳಮಡಿಚಿ, ಮೇಲಿನ ಪದರಿನ ಮೇಲೆ ತಂದು ಸುತ್ತಲೂ ಹೊಲಿಯಿರಿ. ಆಮೇಲೆ ಒಂದು ಮೂಲೆಯಿಂದ ಹೊರಟು, ಅಂಚಿಗೆ ಸಮನಾಗಿ ಮುಕ್ಕಾಲು ಇಂಚು ಒಳಗೆ ಸುತ್ತುತ್ತ ಹೋಗಿ. ಸುತ್ತು ಸುತ್ತಿಗೂ ಒಳಗೆ ಬಂದು ಕೊನೆಗೆ ನಡುವಿಗೆ ಮುಟ್ಟುತ್ತೀರಿ. ಅವ್ವ ಉದ್ದಕ್ಕೆ ಗೆರೆ ಎಳೆದ ಹಾಗೆ ಹೊಲಿಯುತ್ತಿದ್ದಳು. ನಾನು ಈ ಸುತ್ತಿನ ರೀತಿಯನ್ನು ಹಿಡಿದದ್ದು ನಮ್ಮ ಪಶ್ಚಿಮಕ್ಕೂ ದಕ್ಷಿಣಕ್ಕೂ ಇರುವ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ. ಅವರು ಮೂಲೆಯಿಂದ ಹಿಡಿದು, ತುಂಡು ಜೋಡಿಸುತ್ತಲೇ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಚಿದ ಬಟ್ಟೆಯ ‘ಫೂಲ್’ ಇಡುತ್ತಾರೆ. ಅಂಥ ಧೈರ್ಯದ ಬಣ್ಣಗಾರಿಕೆ ನಮ್ಮ ಕಡೆ ಇಲ್ಲ, ನೋಡಿದಾಗಲೆಲ್ಲ ನನಗೆ ಆಸೆಯಾಗುತ್ತದೆ. ಸುತ್ತಿನ ಹೊಲಿಗೆಯಲ್ಲಿ ಇನ್ನೊಂದು ಅನುಕೂಲವಿದೆ. ಇಬ್ಬರು ಮೂವರು ಬೇರೆ ಬೇರೆ ಮಗ್ಗುಲಿಗೆ ಕುಳಿತು ಒಟ್ಟಿಗೆ ಹೊಲಿಯಬಹುದು.

ಹೊಲಿಗೆಯ ಅಳತೆ ಒಂದು ಜೋಳದ ಕಾಳು. ಮೇಲೆ ಒಂದು ಕಾಳು, ಕೆಳಗೆ ಒಂದು ಕಾಳು. ಎಡಗೈ ಕೌದಿಯ ಕೆಳಗೆ ಇರಲಿ. ಸೂಜಿಯ ಮೊನೆ ಕೆಳಗೆ ಬಂದದ್ದು ಬೆರಳಿಗೆ ತಿಳಿದ ಕೂಡಲೇ ಮೇಲಕ್ಕೆ ತಿರುಗಿಸಿ. ಹೀಗೆ ಸೂಜಿಯ ಮೇಲೆ ನಾಲ್ಕು ಹೊಲಿಗೆ ಕೂಡಿದ ಮೇಲೆ ಒಮ್ಮೆ ಎಳೆಯಿರಿ. ಕೆಳಗಿನ ಬೆರಳಿಗೆ ಮೊನೆ ತಾಗದಿದ್ದರೆ ಅಡಿಯ ಪದರು ಹೊಲಿಗೆಗೆ ಸಿಕ್ಕಿಲ್ಲ ಎಂದೇ ಅರ್ಥ. ಎಳೆತ ಬಿಗಿಯಾಗಬಾರದು. ಹೊಲಿದ ಮೇಲೆ ಬಟ್ಟೆ ಕೆರೆಯ ನೀರಿನ ಸಣ್ಣ ತೆರೆಯ ಹಾಗೆ ಏರಿಳಿದಿರಬೇಕು. ಚರ್ಮ ಸುಕ್ಕಿದ ಹಾಗೆ ಕಂಡರೆ ಬಿಗಿಯಾಯಿತು, ಬಿಚ್ಚಿ. ಗಂಟನ್ನು ಮೇಲೆ ಬಿಡಬೇಡಿ, ಸೂಜಿಯನ್ನು ಪದರುಗಳ ನಡುವೆ ಒಂದು ಬೆರಳುದ್ದ ಹಾಯಿಸಿ, ಗಂಟನ್ನು ಮೆಲ್ಲಗೆ ಒಳಕ್ಕೆಳೆದು ದಾರ ಕತ್ತರಿಸಿ.

ಒಬ್ಬಳೇ ಕುಳಿತರೆ ದಿನಕ್ಕೆ ಎರಡು ತಾಸಿನಂತೆ ನನಗೆ 16 ದಿನ ಬೇಕು. ನೆಗೆಣ್ಣಿ ಜೊತೆಯಾದರೆ ಒಂಬತ್ತು ದಿನ. ಅವಳ ಕೈ ನನಗಿಂತ ಚುರುಕು. ಎದುರು ಮನೆಯ ದೊಡ್ಡವ್ವನಿಗೆ ಈಗ ಕಣ್ಣು ಕಾಣುವುದಿಲ್ಲ, ಆದರೂ ಬಂದು ಅಂಚು ಹಿಡಿದು ಕೂರುತ್ತಾಳೆ. ನಾವು ಹೊಲಿದ ಸಾಲಿನ ಮೇಲೆ ಹೆಬ್ಬೆರಳು ಆಡಿಸಿ, ‘ಇಲ್ಲಿ ಸಾಲು ಸೊಟ್ಟಗಾಗಿದೆ ನೋಡವ್ವ’ ಎನ್ನುತ್ತಾಳೆ. ಹೋಗಿ ನೋಡಿದರೆ ಸೊಟ್ಟಗಾಗಿಯೇ ಇರುತ್ತದೆ. ನಾಲ್ಕು ಗಂಟೆಗೆ ಹಸಿಶುಂಠಿ ಜಜ್ಜಿ ಹಾಕಿದ ಚಹಾ, ಜೊತೆಗೆ ಒಗ್ಗರಣೆ ಹಾಕಿದ ಚುನಮರಿ. ಎಣ್ಣೆಗೈ ತೊಳೆಯದೆ ಕೌದಿ ಮುಟ್ಟುವಂತಿಲ್ಲ.

ಈ ನಡುವೆ ಸೀಗೆ ಹುಣ್ಣಿಮೆ ಬರುತ್ತದೆ, ದಶಮಿಯ ಐದನೆಯ ದಿನ. ಅಂದು ಹೊಲಿಗೆಗೆ ರಜೆ. ಕಡಬು, ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ ಬರುತ್ತೇವೆ. ಬದುವಿನ ಮೇಲೆ ಊಟಕ್ಕೆ ಹಾಸುವುದೂ ಹಳೆಯ ಕೌದಿಯೇ.

ಉಳಿದ ಚಿಂದಿ, ಉಳಿದ ಹತ್ತಿ

ತೇಪೆಗೂ ಆಗದ ಉದ್ದ ಚಿಂದಿಗಳಿಂದ ಸಿಂಬಿ ಮಾಡಿ. ಒಂದು ಮುಷ್ಟಿ ಚಿಂದಿಯನ್ನು ಹುರಿ ಹೊಸೆದು, ಗಡಿಗೆಯ ತಳದ ಅಳತೆಗೆ ಬಳೆಯ ಹಾಗೆ ಸುತ್ತಿ, ಅದರ ಮೇಲೆ ಎರಡು ಬೆರಳು ಅಗಲದ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತ ಬನ್ನಿ. ಕೊನೆಯನ್ನು ಒಳಗೆ ಸಿಕ್ಕಿಸಿ ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಈಗ ತಲೆಯ ಮೇಲೆ ಕೊಡ ಹೊರುವುದು ಕಡಿಮೆಯಾಗಿದೆ, ಆದರೆ ಒಲೆಯಿಂದ ಇಳಿಸಿದ ಬಿಸಿ ಪಾತ್ರೆ ಇಡಲು, ಮಣ್ಣಿನ ಗಡಿಗೆ ಉರುಳದಂತೆ ನಿಲ್ಲಿಸಲು ಸಿಂಬಿಗೆ ಸರಿಸಾಟಿ ಇಲ್ಲ. ಇದಕ್ಕೂ ಹತ್ತಿ ಬಟ್ಟೆಯೇ ಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗಿ ಪಾತ್ರೆಗೆ ಅಂಟುತ್ತದೆ.

ದೀಪಾವಳಿಗೆ ಬತ್ತಿ ಬೇಕಲ್ಲ. ಮೊದಲು ಅರಳಿದ ಹತ್ತಿಯನ್ನು ಒಂದು ಬೊಗಸೆ ತಂದು, ಕಾಳು ಬಿಡಿಸಿ, ಬೆರಳಿನಿಂದ ಎಳೆ ಎಳೆಯಾಗಿ ಹಿಂಜಿ ಒಂದು ದಿನ ಬಿಸಿಲಿಗೆ ಇಡಿ. ಹೊಸೆಯುವಾಗ ಬೆರಳ ತುದಿಗೆ ವಿಭೂತಿ ಹಚ್ಚಿಕೊಂಡರೆ ಹತ್ತಿ ಜಾರುವುದಿಲ್ಲ. ತುದಿ ಸಣ್ಣ, ಬುಡ ಅಗಲ. ಬುಡ ಎಣ್ಣೆ ಕುಡಿಯಬೇಕು, ತುದಿ ಉರಿಯಬೇಕು. ತೀರ ಬಿಗಿಯಾಗಿ ಹೊಸೆದರೆ ಎಣ್ಣೆ ಏರುವುದಿಲ್ಲ, ಬತ್ತಿಯೇ ಸುಟ್ಟುಹೋಗುತ್ತದೆ. ನಮ್ಮ ಮೊಮ್ಮಗಳು ಏಳು ವರ್ಷದವಳು, ಈ ಕೆಲಸ ಪೂರ್ತಿ ಅವಳದ್ದು.

ಪಾಡ್ಯದ ದಿನ ಹೊಸ್ತಿಲಲ್ಲಿ ಇಡುವ ಪಾಂಡವರಿಗೂ ಅವಳೇ ಮುಂದೆ. ಹುಲ್ಲಿನ ಕಡ್ಡಿ ಆರಿಸಿ ತೆಗೆದ ಹಸಿ ಸಗಣಿಯನ್ನು ಚೆನ್ನಾಗಿ ನಾದಿ, ಮುಷ್ಟಿಯಷ್ಟು ಗೋಪುರ ಮಾಡಿ, ಉತ್ತರಾಣಿ ಕಡ್ಡಿ ಮತ್ತು ಚೆಂಡುಹೂವು ಸಿಕ್ಕಿಸುವುದು. ಸಗಣಿ ತೆಳ್ಳಗಿದ್ದರೆ ಕಡ್ಡಿ ವಾಲುತ್ತದೆ, ಒಂದು ತಾಸು ನೆರಳಿನಲ್ಲಿ ಬಿಟ್ಟು ಗಟ್ಟಿಯಾದ ಮೇಲೆ ಮಾಡಿ.

ಮುಗಿಸುವುದು

ಹೊಲಿಗೆ ನಡುವಿಗೆ ಬಂದು ಅಂಗೈಯಷ್ಟು ಜಾಗ ಉಳಿದಾಗ, ಮೊದಲು ಎತ್ತಿಟ್ಟ ರೇಷ್ಮೆ ಸೆರಗಿನಿಂದ ಒಂದು ಚೌಕ ತುಂಡು ಕತ್ತರಿಸಿ, ಅಂಚು ಒಳಮಡಿಚಿ ಅಲ್ಲಿ ಕೂರಿಸಿ. ಎಲ್ಲ ದಾರಗಳ ಕೊನೆ ಅದರ ಕೆಳಗೆ ಮುಚ್ಚಿಹೋಗುತ್ತದೆ. ಆಮೇಲೆ ಕಚ್ಚಾ ಹೊಲಿಗೆ ಎಳೆದು ತೆಗೆಯಿರಿ. ಅಯಸ್ಕಾಂತ ಇನ್ನೊಮ್ಮೆ ಆಡಿಸಿ. ಅಂಗಳದಲ್ಲಿ ಒಂದು ದಿನ ಪೂರ್ತಿ, ಅರ್ಧ ದಿನಕ್ಕೊಮ್ಮೆ ತಿರುವಿ ಹಾಕಿ, ಬಿಸಿಲಿಗೆ ಬಿಡಿ. ಚಿತ್ತೆ ಮಳೆ ಹೇಳಿ ಬರುವುದಿಲ್ಲ, ಮೂರು ಗಂಟೆಯ ಮೇಲೆ ಮೋಡ ಕಪ್ಪಾದರೆ ಮೊದಲು ಕೌದಿ ಒಳಗೆ ತನ್ನಿ.

ಒಂದು ಕೆಲಸ ಎಲ್ಲರೂ ಮರೆಯುತ್ತಾರೆ. ತಲೆಯ ಕಡೆ ಯಾವುದು, ಕಾಲಿನ ಕಡೆ ಯಾವುದು ಎಂದು ಗುರುತು ಹಾಕುವುದು. ಅವ್ವ ತಲೆಯ ಕಡೆಗೆ ನೀಲಿ ತ್ರಿಕೋನ ಹಾಕುತ್ತಿದ್ದಳು, ನಾನೂ ಅದನ್ನೇ ಹಾಕುತ್ತೇನೆ. ಕತ್ತಲಲ್ಲಿ ಕೈಗೆ ಸಿಗಬೇಕಾದ್ದರಿಂದ ಅದನ್ನು ಎರಡು ಮಡಿಕೆ ಮಾಡಿ ಉಬ್ಬಿಸಿ ಹೊಲಿಯಬೇಕು.

ಈ ವರ್ಷದ ಕೌದಿ ಪುಣೆಯಲ್ಲಿ ನೌಕರಿ ಮಾಡುವ ಮಗಳಿಗೆ. ಅಜ್ಜಿಯ ತೆಳ್ಳನೆಯ ಕೌದಿ ಅದರ ಒಳಗಿದೆ. ದೀಪಾವಳಿಗೆ ಬಂದವಳು ಹೊರಡುವಾಗ ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಆಮೇಲೆ ಸುರುಳಿ ಸುತ್ತಿ, ನಡುವೆ ಒಂದು ಹಿಡಿ ಒಣ ಬೇವಿನ ಎಲೆ ಇಟ್ಟು ಕಟ್ಟಿಕೊಟ್ಟೆ. ಹೇಳಿ ಕಳಿಸಿದ್ದು ಇಷ್ಟು: ಯಂತ್ರಕ್ಕೆ ಹಾಕಬೇಡ. ವರ್ಷಕ್ಕೆ ಒಂದೇ ಸಲ ಒಗೆ, ತಣ್ಣೀರಿನಲ್ಲಿ ನೆನೆಸಿ ಕಾಲಿನಿಂದ ತುಳಿದು. ಹಿಂಡಬೇಡ, ಹಾಗೇ ಬಚ್ಚಲ ಕಟ್ಟೆಯ ಮೇಲೆ ಹಾಕಿ ನೀರು ಸೋರಲು ಬಿಡು. ಯಾವುದಾದರೂ ಹೊಲಿಗೆ ಬಿಚ್ಚಿದರೆ ಅದೇ ದಿನ ಹಾಕು, ಸೂಜಿ ದಾರ ಒಳಗಿನ ಚೀಲದಲ್ಲಿದೆ. ಅಂಚು ಹರಿದರೆ ಮಾತ್ರ ಮುಟ್ಟಬೇಡ, ಬನ್ನಿಗೆ ಬರುವಾಗ ತೆಗೆದುಕೊಂಡು ಬಾ.